ಬೇರೆಯವರ ಊರಿನ ಮೇಯರ್

ಕಳೆದ ತಿಂಗಳು ಮಗಳಿಗೆ ಕನ್ನಡಕ ಮಾಡಿಸಲು ಖೈತಾನ್‌ಗೆ ಹೋಗಿದ್ದೆ. ಯಾರೋ ಹೇಳಿದ ಅಂಗಡಿಯನ್ನು ಹುಡುಕಿಕೊಂಡು ಒಂದು ಕಟ್ಟಡದ ಮೂರನೆಯ ಮಹಡಿಗೆ ಹೋದೆವು. ಬಾಗಿಲು ತೆಗೆದ ಕೂಡಲೇ ಮೂಗಿಗೆ ಒಂದು ವಾಸನೆ ಬಡಿಯಿತು. ಹಳೆಯ ಕಾರ್ಪೆಟ್ಟಿನೊಳಗೆ ವರ್ಷಗಟ್ಟಲೆ ಕೂತ ಮರಳಧೂಳು, ಅದರ ಮೇಲೆ ಎಸಿಯ ತಣ್ಣನೆಯ ತೇವ. ಕುವೈತಿನ ಹಳೆಯ ಆಫೀಸುಗಳಲ್ಲೆಲ್ಲ ಹೆಚ್ಚುಕಡಿಮೆ ಇದೇ ವಾಸನೆ. ಆದರೂ ನನ್ನ ಕಾಲು ಅಲ್ಲೇ ನಿಂತಿತು. ಉದ್ದ ಕಿಟಕಿ, ನಡುವಿನ ಕಂಬ, ಬಲಗಡೆಗೆ ಗಾಜಿನ ಚಿಕ್ಕ ಕೋಣೆ. ನಾನು ನಾಲ್ಕು ವರ್ಷ ಕೆಲಸ ಮಾಡಿದ ಆಫೀಸು ಅದು. ಹೊರಗಿನ ಬಣ್ಣ ಬದಲಾಗಿ, ಒಳಗೆ ಹೋಗುವ ದಾರಿ ಹಿಂದಿನ ಬೀದಿಗೆ ಹೋಗಿದ್ದರಿಂದ ಗುರುತು ಸಿಕ್ಕಿರಲಿಲ್ಲ.

ಆಗ ನನ್ನ ಜೊತೆ ಕೆಲಸ ಮಾಡುತ್ತಿದ್ದ ಸೆಲಿನ್ ಬಾಯಿ ಕೂರುತ್ತಿದ್ದ ಮೂಲೆಯಲ್ಲಿ ಈಗ ಕಣ್ಣು ಪರೀಕ್ಷಿಸುವ ಯಂತ್ರ ಇಟ್ಟಿದ್ದಾರೆ. ಮಗಳು ಅದರ ಮೇಲೆ ಗಲ್ಲ ಇಟ್ಟು ಕುಳಿತಳು. ನನ್ನ ಕಡೆ ಓರೆಯಾಗಿ ನೋಡಿ, "ಮಮ್ಮಿ, ಆರ್ ಯೂ ಓಕೆ?" ಎಂದಳು.

"ಎಂತ ಇಲ್ಲ. ನೀನು ಮುಂದೆ ನೋಡು" ಎಂದೆ.

ಅಲ್ಲಿದ್ದಾಗ ಒಂದು ವರ್ಷ, ಫೆಬ್ರವರಿಯಿಂದ ಮೇ ತಿಂಗಳ ಮೊದಲ ವಾರದವರೆಗೆ ನಾವು ಹದಿನಾಲ್ಕು ಮಂದಿ ಆ ಕೋಣೆಯಲ್ಲಿ ಕುಳಿತು, ನಮ್ಮಲ್ಲಿ ಯಾರೂ ಕಾಲಿಡದ ಇಂಗ್ಲೆಂಡಿನ ಒಂದು ದೊಡ್ಡ ನಗರದ ಜನರಿಗೆ ಫೋನ್ ಮಾಡಿ, ನಿಮ್ಮ ಮೇಯರ್ ಯಾರಾಗಬೇಕು ಎಂದು ಕೇಳುತ್ತಿದ್ದೆವು. ನಗರದ ಹೆಸರನ್ನು ಎಲ್ಲೂ ಹೇಳುವುದಿಲ್ಲವೆಂದು ಆಗ ಸಹಿ ಹಾಕಿದ್ದೆವು. ಈಗ ಕೇಳುವವರು ಯಾರೂ ಇಲ್ಲದಿದ್ದರೂ ಆ ಮಾತನ್ನು ಉಳಿಸಿಕೊಳ್ಳುತ್ತೇನೆ.

ನಮ್ಮದು ಸಣ್ಣ ಸಮೀಕ್ಷೆ ಕಂಪನಿ. ಕೊಲ್ಲಿ ದೇಶಗಳ ಮನೆಗಳಿಗೆ ಫೋನ್ ಮಾಡಿ ಯಾವ ಸೋಪು ಬಳಸುತ್ತೀರಿ, ಯಾವ ಮಜ್ಜಿಗೆ ಕುಡಿಯುತ್ತೀರಿ ಎಂದು ಕೇಳುವುದು ಮಾಮೂಲಿ ಕೆಲಸ. ಚುನಾವಣೆಯ ಕೆಲಸ ಬಂದದ್ದು ಅದೇ ಮೊದಲು. ಇಂಗ್ಲೆಂಡಿನ ಕಂಪನಿಯೊಂದು ಅದನ್ನು ಇನ್ನೊಬ್ಬರಿಗೆ ಕೊಟ್ಟು, ಅವರು ನಮಗೆ ಕೊಟ್ಟಿದ್ದರು. ಕೆಲಸ ಶುರುವಾಗುವ ಮೊದಲು ಮ್ಯಾನೇಜರ್ ನಾದಿರ್ ಸಾರ್ ಗೋಡೆಗೆ ಒಂದು ಟಿವಿ ಹಾಕಿಸಿದರು. ಅದರಲ್ಲಿ ಆ ನಗರದ ಹವಾಮಾನ ಸದಾ ಕಾಣುತ್ತಿತ್ತು. ನೀವು ಎಲ್ಲಿಂದ ಮಾತಾಡುತ್ತಿದ್ದೀರಿ ಎಂದು ಯಾರಾದರೂ ಕೇಳಿದರೆ, "ನಮ್ಮ ಕೇಂದ್ರದಿಂದ" ಎಂದಷ್ಟೇ ಹೇಳಿ ಮಳೆಯ ಬಗ್ಗೆ ಒಂದು ಮಾತು ಸೇರಿಸಬೇಕು. ಕಿಟಕಿಯ ಹೊರಗೆ ಧೂಳುಗಾಳಿ ಎದ್ದು ಎದುರಿನ ಕ್ಷೌರದಂಗಡಿಯ ಬೋರ್ಡು ಕಾಣದಂತಾದ ದಿನವೂ ನಮ್ಮವರು ಹೆಡ್‌ಫೋನ್ ಹಾಕಿಕೊಂಡು, "ಹೌದು, ಇವತ್ತು ಕೂಡ ತುಂತುರು" ಎನ್ನುತ್ತಿದ್ದರು.

ನನ್ನ ಹೆಸರು ಸುಮನಾ. ಊರು ಮೂಲ್ಕಿಯ ಹತ್ತಿರ. ಗಂಡ ದಿನೇಶ್ ಮೀನಾ ಅಲ್ ಅಹ್ಮದಿಯ ಎಣ್ಣೆ ಶುದ್ಧೀಕರಣ ಘಟಕದಲ್ಲಿ ಗುತ್ತಿಗೆಯ ಟೆಕ್ನಿಷಿಯನ್. ನನಗೆ ಕೊಟ್ಟದ್ದು ಪರಿಶೀಲನೆಯ ಕೆಲಸ. ಪ್ರತಿ ಕರೆಯೂ ರೆಕಾರ್ಡ್ ಆಗುತ್ತದೆ. ಹತ್ತರಲ್ಲಿ ಒಂದನ್ನು ನಾನು ಕೇಳಿ, ಕಂಪ್ಯೂಟರಿನಲ್ಲಿ ತುಂಬಿದ ಉತ್ತರ ಮತ್ತು ಫೋನಿನಲ್ಲಿ ಹೇಳಿದ ಉತ್ತರ ಒಂದೇ ಹೌದೋ ಎಂದು ನೋಡಬೇಕು. ಹಾಗಾಗಿ ಆ ಮೂರು ತಿಂಗಳು ಒಂದು ಊರಿಗೆ ಊರೇ ನನ್ನ ಕಿವಿಯೊಳಗೆ ಮಾತಾಡುತ್ತಿತ್ತು.

ಆ ಮಾತುಗಳನ್ನು ಈಗ ನೆನೆದರೂ ಮನಸ್ಸು ಭಾರವಾಗುತ್ತದೆ. ಬೈದು ಫೋನ್ ಇಡುವವರ ಬಗ್ಗೆ ಹೇಳುತ್ತಿಲ್ಲ. ಅವರಿಗಾದರೂ ಸಿಟ್ಟಿತ್ತು. ಸಿಟ್ಟೂ ಇಲ್ಲದವರದ್ದೇ ಹೆಚ್ಚು. ಏಳನೆಯ ಪ್ರಶ್ನೆ ಹೀಗಿತ್ತು: "ಯಾರು ಮೇಯರ್ ಆದರೂ ನನ್ನ ಬದುಕಿನಲ್ಲಿ ವ್ಯತ್ಯಾಸ ಆಗುವುದಿಲ್ಲ. ಈ ಮಾತನ್ನು ನೀವು ಎಷ್ಟು ಒಪ್ಪುತ್ತೀರಿ?" ಪೂರ್ತಿ ಓದುವ ಮೊದಲೇ ಜನ ಹೂಂ ಎನ್ನುತ್ತಿದ್ದರು. ಒಬ್ಬ ಬಸ್ಸು ಚಾಲಕ, "ನಾನು ಎರಡು ಸಲ ಬದಲಾವಣೆಗೆ ಅಂತ ವೋಟು ಹಾಕಿದೆ. ನನ್ನ ಬಸ್ಸಿನ ನಂಬರು ಬದಲಾಯಿತು, ಅಷ್ಟೇ" ಎಂದ. ಒಬ್ಬಳು ತಾಯಿ, ಹಿಂದೆ ಮಗು ಅಳುತ್ತಿರುವಾಗಲೇ, ಚುನಾವಣೆ ಇದೆಯೆಂಬುದೇ ತನಗೆ ಗೊತ್ತಿಲ್ಲವೆಂದಳು. ಯಾವಾಗ ಎಂದು ಕೇಳಿದಳು. ಹೇಳಿದ ಮೇಲೆ, "ಓ, ಆ ದಿನ ನನಗೆ ಡ್ಯೂಟಿ" ಎಂದಳು.

ಈ ಮಾತುಗಳನ್ನು ಕೇಳಿಸಿಕೊಳ್ಳುವುದರಲ್ಲಿ ಸೆಲಿನ್ ಬಾಯಿಯನ್ನು ಮೀರಿಸುವವರು ಇರಲಿಲ್ಲ. ಶಿರ್ವದ ಕಡೆಯ ಕೊಂಕಣಿಯವರು, ಬಾಯಿ ಎಂದರೆ ಅವರಲ್ಲಿ ಅಕ್ಕ ಎಂದ ಹಾಗೆ. ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಇಪ್ಪತ್ತೈದರ ಪ್ರಾಯದಲ್ಲಿ ಕುವೈತಿಗೆ ಬಂದು ಸಲ್ವಾದ ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡಿದ್ದರು. ಆ ಮನೆಯ ಯಜಮಾನಿ ಇಂಗ್ಲೆಂಡಿನವಳು. ಹಾಗಾಗಿ ಅವರ ಇಂಗ್ಲಿಷ್ ನಮ್ಮ ಯಾರ ಇಂಗ್ಲಿಷಿನಂತೆಯೂ ಇರಲಿಲ್ಲ. ಮಕ್ಕಳು ಬೆಳೆದು, ಮನೆಯವರು ದೇಶ ಬಿಟ್ಟು ಹೋದ ಮೇಲೆ ಹೇಗೋ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಬದಲಾಯಿಸಿಕೊಂಡು ನಮ್ಮಲ್ಲಿಗೆ ಬಂದಿದ್ದರು. ಖೈತಾನಿನಲ್ಲಿ ಮೂವರು ನರ್ಸುಗಳ ಜೊತೆ ಒಂದು ಕೋಣೆ. ವಾರದ ರಜೆ ಶುಕ್ರವಾರ, ಅಂದು ಇಗರ್ಜಿ.

ಅವರು ಫೋನ್ ಮಾಡಿದರೆ ಜನ ಇಡುತ್ತಿರಲಿಲ್ಲ. ಅದೇ ತೊಂದರೆಯಾಯಿತು. ಹನ್ನೆರಡು ನಿಮಿಷದಲ್ಲಿ ಮುಗಿಯಬೇಕಾದ ಕರೆ ನಲವತ್ತು ನಿಮಿಷಕ್ಕೆ ಹೋಗುತ್ತಿತ್ತು. ಹೆಂಡತಿ ಸತ್ತವನು ಹೆಂಡತಿಯ ಕಾಯಿಲೆ ಹೇಳುತ್ತಿದ್ದ. ಕೆಲಸ ಹೋದವನು ಮೇಸ್ತ್ರಿಯ ಹೆಸರು ಹಿಡಿದು ಬೈಯುತ್ತಿದ್ದ. ಸೆಲಿನ್ ಬಾಯಿ ನಡುವೆ ಬಾಯಿ ಹಾಕದೆ ಕೇಳುತ್ತಿದ್ದರು. ಆಮೇಲೆ ಮೆಲ್ಲಗೆ, "ಹಾಗಾದರೆ ಮೂರನೆಯ ಪ್ರಶ್ನೆಗೆ ಹೋಗೋಣವಾ?" ಎನ್ನುತ್ತಿದ್ದರು.

ಡೋರೀನ್ ಎಂಬ ಮುದುಕಿಯ ಕರೆ ನನಗೆ ಬಾಯಿಪಾಠ ಬರುತ್ತದೆ. ಆಕೆ ಹನ್ನೊಂದನೆಯ ಮಹಡಿಯಲ್ಲಿ ಒಬ್ಬಳೇ ಇದ್ದಳು. ಕಟ್ಟಡದ ಲಿಫ್ಟ್ ಕ್ರಿಸ್‌ಮಸ್‌ಗಿಂತ ಮೊದಲು ಕೆಟ್ಟದ್ದು ಇನ್ನೂ ಸರಿಯಾಗಿರಲಿಲ್ಲ. ಅಂದಿನಿಂದ ಆಕೆ ಕೆಳಗೆ ಇಳಿದಿಲ್ಲ. ಪಕ್ಕದ ಮನೆಯ ಹೆಂಗಸು ಸಾಮಾನು ತಂದುಕೊಡುತ್ತಾಳೆ. ಹೊಸ ಮೇಯರ್ ಮೊದಲು ಮಾಡಬೇಕಾದ ಕೆಲಸ ಯಾವುದು ಎಂದು ಸೆಲಿನ್ ಬಾಯಿ ಪಟ್ಟಿ ಓದಿದರು: ಮನೆ, ಸಾರಿಗೆ, ಅಪರಾಧ, ಸ್ವಚ್ಛ ಗಾಳಿ.

"ಲಿಫ್ಟ್ ಅಂತ ಇಲ್ಲವಾ?" ಎಂದಳು ಡೋರೀನ್.

"ಇಲ್ಲ. ಆದರೆ ಇತರ ಅಂತ ಉಂಟು. ಅದರಲ್ಲಿ ಬರೆಯುತ್ತೇನೆ."

"ಬರೆಯಮ್ಮಾ. ಎಲ್ಲವನ್ನೂ ಬರೆ. ಯಾವಾಗಿನಿಂದ ಅಂತಲೂ ಬರೆ."

ಸೆಲಿನ್ ಬಾಯಿ ಎಲ್ಲವನ್ನೂ ಬರೆದರು. ಅಂಚೆಯಲ್ಲಿ ಬರುವ ಮತಪತ್ರವನ್ನು ತುಂಬುತ್ತೀರಾ ಎಂದಾಗ ಡೋರೀನ್, "ಅದು ಮೇಜಿನ ಮೇಲೆ ಬರುತ್ತದೆ, ಹೋಗುತ್ತದೆ" ಎಂದಳು. ಕೊನೆಗೆ, "ಈಸ್ಟರ್ ಆದ ಮೇಲೆ ಇನ್ನೊಂದು ಸಲ ಫೋನ್ ಮಾಡುತ್ತೀಯಾ?" ಎಂದು ಕೇಳಿದಳು. ನಿಯಮದ ಪ್ರಕಾರ ಹಾಗೆ ಮಾತು ಕೊಡಬಾರದು. ಸೆಲಿನ್ ಬಾಯಿ ಕೊಟ್ಟರು.

ಆ ವರ್ಷ ರಮದಾನ್ ಮಾರ್ಚ್‌ನಲ್ಲಿ ಬಂದಿತ್ತು. ಆಫೀಸಿನಲ್ಲಿ ಯಾರೂ ಎದುರಿಗೆ ಏನೂ ತಿನ್ನುವಂತಿಲ್ಲ. ಫೈಲು ಇಡುವ ಕೋಣೆಯಲ್ಲಿ ಪರದೆ ಎಳೆದುಕೊಂಡು ನಾನು ಮತ್ತು ಸೆಲಿನ್ ಬಾಯಿ ಥರ್ಮಸ್ಸಿನ ಚಹಾ ಕುಡಿಯುತ್ತಿದ್ದೆವು. ಅವರದ್ದೂ ಆಗ ಕಪ್ಪು ದಿನಗಳು, ಈಸ್ಟರಿಗೆ ಮೊದಲಿನ ಉಪವಾಸ. ಚಹಾಕ್ಕೆ ಸಕ್ಕರೆ ಬಿಟ್ಟಿದ್ದರು. ಊರಲ್ಲೂ ಆಗ ಚುನಾವಣೆಯ ಗದ್ದಲ. ದಿನೇಶ್‌ನ ಮೊಬೈಲ್ ತುಂಬ ಅದೇ ಭಾಷಣ, ಅದೇ ಜಗಳ.

"ನಿಮಗೆ ಊರಲ್ಲಿ ವೋಟು ಉಂಟಾ, ಸುಮನಾ?" ಎಂದು ಒಂದು ದಿನ ಕೇಳಿದರು.

"ಇತ್ತು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಪಟ್ಟಿಯಿಂದ ತೆಗೆದಿದ್ದಾರಂತೆ. ನಿಮಗೆ?"

"ನಾನು ಹಾಕಿದ್ದೇ ಇಲ್ಲ ಮಾರಾಯ್ತಿ. ಬರುವಾಗ ಪ್ರಾಯ ಇತ್ತು, ಹಾಕ್ಲಿಕ್ಕೆ ಪುರುಸೊತ್ತು ಇರ್ಲಿಲ್ಲ. ಇಲ್ಲಿ ಅಂತೂ ಕೇಳುವ ಹಾಗೇ ಇಲ್ಲ." ಚಹಾ ಊದಿಕೊಂಡು ಸ್ವಲ್ಪ ನಕ್ಕರು. "ಈಗ ನೋಡಿ, ವೋಟು ಇಲ್ಲದವರು ಕೂತ್ಕೊಂಡು ವೋಟು ಬೇಡದವರಿಗೆ ಫೋನ್ ಮಾಡುದು."

ಆ ವಾರವೇ ನನ್ನ ಕಿವಿಗೆ ಅದು ಬಿತ್ತು. ಸೆಲಿನ್ ಬಾಯಿಯ ಹೆಸರಿನಲ್ಲಿ ಪೂರ್ತಿ ತುಂಬಿದ ಒಂದು ಪ್ರಶ್ನೆಪತ್ರಿಕೆ, ಇಪ್ಪತ್ತಮೂರು ಪ್ರಶ್ನೆಗೂ ಉತ್ತರ. ರೆಕಾರ್ಡಿನಲ್ಲಿ ಇದ್ದದ್ದು ಒಬ್ಬ ಗಂಡಸಿನ "ಹಲೋ, ಬೇಡ" ಮತ್ತು ಆಮೇಲೆ ಲೈನ್ ಕಡಿದ ಕುಂಯ್ ಎಂಬ ಸದ್ದು. ಹತ್ತು ನಿಮಿಷ ಅದೇ ಸದ್ದು. ಆ ಸದ್ದಿನ ನಡುವೆ ಕೀಲಿಗಳನ್ನು ಒತ್ತುವ ಶಬ್ದ ಸಣ್ಣಗೆ ಕೇಳುತ್ತಿತ್ತು. ಯಂತ್ರ ತಪ್ಪಿರಬೇಕೆಂದು ಇನ್ನೊಂದನ್ನು ತೆಗೆದೆ. ಅದೂ ಹಾಗೆಯೇ. ಮೂರನೆಯದು ನಲವತ್ತೈದು ನಿಮಿಷದ ನಿಜವಾದ ಮಾತುಕತೆ. ನಾಲ್ಕನೆಯದು ಮತ್ತೆ ಕುಂಯ್.

ದಿನಕ್ಕೆ ಇಷ್ಟು ಪತ್ರಿಕೆ ತುಂಬಲೇಬೇಕೆಂದಿತ್ತು. ಅರ್ಧ ದಿನವನ್ನು ಅವರು ಒಂಟಿ ಮನುಷ್ಯರ ಮಾತು ಕೇಳುವುದಕ್ಕೆ ಕೊಟ್ಟು, ಉಳಿದ ಅರ್ಧವನ್ನು ತಾವೇ ತುಂಬುತ್ತಿದ್ದರು.

ಮರುದಿನ ಪರದೆಯ ಹಿಂದೆ ಕೇಳಿದೆ. "ಬಾಯಿ, ಇದೆಂತ ಮಾಡ್ತಾ ಇದ್ದೀರಿ?"

ಅವರು ಸುಳ್ಳು ಹೇಳಲಿಲ್ಲ. ಲೋಟ ಕೆಳಗಿಟ್ಟು, "ನಿಮಗೆ ಸಿಕ್ಕಿತಾ?" ಎಂದರು. ಪರದೆಯನ್ನು ಇನ್ನಷ್ಟು ಎಳೆದು, "ನಾನು ಯಾರಿಗೂ ವೋಟು ಹಾಕಿಸ್ಲಿಲ್ಲ, ಸುಮನಾ. ಗೊತ್ತಿಲ್ಲ, ಹೋಗುದಿಲ್ಲ, ಯಾರಾದ್ರೆ ಎಂತ, ಅಷ್ಟೇ ಹಾಕಿದ್ದು. ಅವರು ಹೇಳುದೂ ಅದೇ ಅಲ್ವಾ?" ಎಂದರು.

"ಆದ್ರೂ ಅವರು ಹೇಳ್ಬೇಕಲ್ಲ. ನಾವು ಹೇಳುದಲ್ಲ."

"ಹೌದು. ತಪ್ಪೇ." ಅವರ ಮುಖದಲ್ಲಿ ನಾಚಿಕೆ ಇತ್ತು. "ಆದರೆ ಮಾತಾಡುವವರ ಬಾಯಿ ಹೇಗೆ ಮುಚ್ಚಿಸುದು? ಮೊನ್ನೆ ಆ ಮನುಷ್ಯ ಅಳ್ತಾ ಇದ್ದ. ಅಳುವವನಿಗೆ ಸಾರಿಗೆಗೆ ಎಷ್ಟು ಮಾರ್ಕು ಕೊಡ್ತೀರಿ ಅಂತ ಕೇಳ್ಲಿಕ್ಕೆ ಆಗ್ತದಾ?"

ಇನ್ನು ಹಾಗೆ ಮಾಡಬೇಡಿ ಎಂದೆ. ಇಲ್ಲ ಎಂದರು. ನಾನು ಆ ನಾಲ್ಕು ಪತ್ರಿಕೆಗಳ ಎದುರು ಸರಿ ಎಂದು ಗುರುತು ಹಾಕಿದೆ. ಮುಂದಿನ ಮೂರು ವಾರ ಅವರ ಕರೆಗಳನ್ನು ಪರಿಶೀಲನೆಗೆ ಆರಿಸುವಾಗ ಉದ್ದದವುಗಳನ್ನೇ ಆರಿಸಿದೆ. ಸಣ್ಣವುಗಳಲ್ಲಿ ಏನಿದೆಯೆಂದು ತಿಳಿಯುವುದು ನನಗೆ ಬೇಡವಾಗಿತ್ತು.

ಈದ್ ರಜೆ ಮುಗಿದು ಬಂದ ಮೊದಲ ದಿನ ನಾದಿರ್ ಸಾರ್ ನನ್ನನ್ನು ಗಾಜಿನ ಕೋಣೆಗೆ ಕರೆದರು. ಜೋರ್ಡಾನಿನವರು. ಕೆಟ್ಟ ಮನುಷ್ಯ ಅಲ್ಲ. ಮಗಳಿಗೆ ಜ್ವರ ಬಂದರೆ ಕೇಳುವ ಮೊದಲೇ ಮನೆಗೆ ಕಳಿಸುತ್ತಿದ್ದರು. ಅಂದು ಅವರ ಮುಖ ಬೂದಿಯಾಗಿತ್ತು. ಇಂಗ್ಲೆಂಡಿನಿಂದ ಪತ್ರ ಬಂದಿತ್ತು. ಒಂದೇ ಆಸನದಿಂದ ಹೋದ ಉತ್ತರಗಳು ಅನುಮಾನ ಹುಟ್ಟಿಸುವಷ್ಟು ಒಂದೇ ಬಗೆಯಾಗಿವೆ, ರೆಕಾರ್ಡುಗಳನ್ನು ಕಳಿಸಿ ಎಂದು.

"ಒಂಬತ್ತನೆಯ ಆಸನ. ಸೆಲಿನ್" ಎಂದರು. "ನೀನು ಇವುಗಳನ್ನು ಪರಿಶೀಲಿಸಿದ್ದೀ. ಸರಿ ಅಂತ ಹಾಕಿದ್ದೀ. ಈಗ ಎರಡೇ ದಾರಿ, ಸುಮನಾ. ಅವಳು ಮೋಸ ಮಾಡಿದ್ದಾಳೆ, ಅದು ನಿನಗೆ ಈಗ ಗೊತ್ತಾಗಿದೆ. ಇಲ್ಲದಿದ್ದರೆ ನಿನಗೆ ಮೊದಲೇ ಗೊತ್ತಿತ್ತು. ಎರಡನೆಯದಾದರೆ ನಾನು ಇಬ್ಬರ ಇಕಾಮಾವನ್ನೂ ರದ್ದು ಮಾಡಬೇಕಾಗುತ್ತದೆ. ಯಲ್ಲಾ, ಹೇಳು."

ಆಗ ಮಗಳು ನಾಲ್ಕನೆಯ ಕ್ಲಾಸಿನಲ್ಲಿದ್ದಳು. ದಿನೇಶ್‌ನ ಗುತ್ತಿಗೆ ಜೂನ್‌ನಲ್ಲಿ ಮುಗಿಯುವುದಿತ್ತು, ಮುಂದುವರಿಯುತ್ತದೋ ಇಲ್ಲವೋ ತಿಳಿದಿರಲಿಲ್ಲ. ಇದನ್ನೆಲ್ಲ ಆ ಹೊತ್ತಿನಲ್ಲಿ ಯೋಚಿಸಿದೆ ಎಂದು ಹೇಳಿದರೆ ಅದು ಆಮೇಲೆ ನಾನು ಕಟ್ಟಿಕೊಂಡ ಸಮಜಾಯಿಷಿ. ಯೋಚಿಸಲೇ ಇಲ್ಲ. ನನ್ನ ಬಾಯಿ ತನ್ನಷ್ಟಕ್ಕೆ ಹೇಳಿತು: "ಈಗ ಗೊತ್ತಾಯಿತು, ಸಾರ್. ಈದ್ ರಜೆಯ ಮೊದಲು ಒಂದು ಕೇಳಿದೆ. ನಿಮಗೆ ಹೇಳಬೇಕೆಂದಿದ್ದೆ."

ಸೆಲಿನ್ ಬಾಯಿಯನ್ನು ಕರೆಸಿದರು. ನನ್ನನ್ನು ಹೊರಗೆ ಹೋಗಲು ಬಿಡಲಿಲ್ಲ. ರೆಕಾರ್ಡು ಹಾಕಿದರು. ಕುಂಯ್ ಎಂಬ ಸದ್ದು ಗಾಜಿನ ಕೋಣೆಯಲ್ಲಿ ತುಂಬಿಕೊಂಡಿತು. ಸೆಲಿನ್ ಬಾಯಿ ಕೈ ಕಟ್ಟಿ ನಿಂತು ಪೂರ್ತಿ ಕೇಳಿದರು, ಯಾರದ್ದೋ ಮಾತು ಕೇಳುವ ಹಾಗೆಯೇ.

"ಎಷ್ಟು ಇಂಥವು?" ಎಂದರು ನಾದಿರ್ ಸಾರ್.

"ಲೆಕ್ಕ ಇಟ್ಟಿಲ್ಲ, ಸಾರ್. ಅರ್ಧ ಇರಬಹುದು."

"ಸುಮನಾಗೆ ಗೊತ್ತಿತ್ತಾ?"

ನಾನು ನೆಲ ನೋಡುತ್ತಿದ್ದೆ. ಕಾರ್ಪೆಟ್ಟಿನಲ್ಲಿ ಯಾವುದೋ ಕಾಲದ ಚಹಾದ ಕಲೆ ಇತ್ತು, ಅದನ್ನೇ ನೋಡುತ್ತಿದ್ದೆ.

"ಇಲ್ಲ" ಎಂದರು ಸೆಲಿನ್ ಬಾಯಿ. "ಅವರಿಗೆ ಹೇಗೆ ಗೊತ್ತಾಗ್ತದೆ? ಅವರು ಉದ್ದದ ಕರೆ ಮಾತ್ರ ಕೇಳುದು."

ಅವರು ನನ್ನ ಕಡೆ ನೋಡಲಿಲ್ಲ. ಉದ್ದದ ಕರೆಗಳನ್ನು ನಾನು ಯಾಕೆ ಆರಿಸುತ್ತಿದ್ದೆನೆಂದು ಅವರಿಗೆ ಗೊತ್ತಿತ್ತು. ಗೊತ್ತಿರುವುದನ್ನು ಒಂದೇ ಮಾತಿನಲ್ಲಿ ನನಗೆ ತಿಳಿಸಿ, ಅದೇ ಮಾತಿನಲ್ಲಿ ನನ್ನನ್ನು ಉಳಿಸಿಯೂ ಬಿಟ್ಟರು.

"ಖಲಾಸ್" ಎಂದರು ನಾದಿರ್ ಸಾರ್.

ಬೇರೆ ಕಡೆ ಸೇರಲು ರಿಲೀಸ್ ಕೊಡಿ ಎಂದು ಸೆಲಿನ್ ಬಾಯಿ ಕೇಳಿಕೊಂಡರು. ಇನ್ನು ಎರಡು ವರ್ಷ ಇದ್ದು ಊರಲ್ಲಿ ಒಂದು ಚಿಕ್ಕ ಮನೆ ಮಾಡಿಕೊಳ್ಳಬೇಕೆಂದಿತ್ತು. ಅದುವರೆಗೆ ಅವರದ್ದೆಂಬ ಬಾಗಿಲು ಎಲ್ಲೂ ಇರಲಿಲ್ಲ. ಆದರೆ ನಮ್ಮೆಲ್ಲರ ವೀಸಾ ಯಾರ ಹೆಸರಿನಲ್ಲಿತ್ತೋ ಆ ಕುವೈತಿ ಮಾಲೀಕ, ಕಂಪನಿಯ ಕಫೀಲ್‌ಗೆ ವಿಷಯ ಹೋಗಿಬಿಟ್ಟಿತ್ತು. ರಿಲೀಸ್ ಇಲ್ಲ, ಕ್ಯಾನ್ಸಲ್ ಎಂದು ಬಂತು. ಹನ್ನೆರಡು ದಿನದಲ್ಲಿ ಅವರು ಹೊರಡಬೇಕಾಯಿತು.

ಶುಕ್ರವಾರ ಇಗರ್ಜಿಯ ಪೂಜೆ ಮುಗಿಯುವ ಹೊತ್ತು ನೋಡಿಕೊಂಡು ಅವರ ಕೋಣೆಗೆ ಹೋದೆ. ನಾಲ್ಕು ಮಂಚಗಳ ಕೋಣೆ. ಅವರ ಮಂಚದ ಮೇಲೆ ಒಂದೇ ಒಂದು ಸೂಟ್‌ಕೇಸ್ ತೆರೆದಿತ್ತು. ಅರ್ಧ ತುಂಬಿತ್ತು. ಇಪ್ಪತ್ತೇಳು ವರ್ಷದ ಸಾಮಾನು ಇಷ್ಟೆಯಾ ಎಂದು ನನಗೆ ಅನ್ನಿಸಿತು. ಅವರಿಗೂ ಅನ್ನಿಸಿರಬೇಕು, ಸುಮ್ಮನೆ ಟವೆಲುಗಳನ್ನು ಮಡಚಿ ಮಡಚಿ ಇಡುತ್ತಿದ್ದರು.

"ಬಾಯಿ, ನಾನು ಹೇಳ್ಬಾರ್ದಿತ್ತು" ಎಂದೆ.

"ಹೇಳದಿದ್ರೆ ನೀವೂ ಹೋಗ್ತಿದ್ರಿ. ಮಗು ಉಂಟಲ್ಲ ನಿಮಗೆ."

"ನೀವು ನನ್ನ ಹೆಸರು ಹೇಳ್ಬಹುದಿತ್ತು."

"ಹೇಳಿ ಎಂತ ಸಿಗ್ತದೆ ನನಗೆ? ಪ್ಲೇನಲ್ಲಿ ಜೊತೆಯಾ?" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. ಮಂಚದ ಅಂಚಿನಲ್ಲಿ ಕುಳಿತು, "ಸುಮನಾ, ತಮ್ಮನ ಹೆಂಡತಿ ಒಳ್ಳೆಯವಳೇ. ಆದರೆ ಎರಡು ವಾರಕ್ಕೆ ಬರುವ ಅತ್ತಿಗೆ ಬೇರೆ, ಶಾಶ್ವತಕ್ಕೆ ಬರುವ ಅತ್ತಿಗೆ ಬೇರೆ. ಎಷ್ಟು ದಿನಕ್ಕೆ ಬರುದು ಅಂತ ಫೋನಲ್ಲಿ ಕೇಳಿದಳು. ನನಗೆ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ" ಎಂದರು.

ನಾನು ಒಂದು ಟವೆಲು ಮಡಚಿಟ್ಟೆ. ಅವರೇ ಎದ್ದು ಚಹಾ ಮಾಡಿದರು. ಈಸ್ಟರ್ ಕಳೆದಿದ್ದರೂ ತಮ್ಮ ಲೋಟಕ್ಕೆ ಸಕ್ಕರೆ ಹಾಕಿಕೊಳ್ಳಲಿಲ್ಲ. ಹೊರಡುವಾಗ ಬಾಗಿಲ ಹತ್ತಿರ, "ಆ ಅಜ್ಜಿಗೆ ಒಂದು ಫೋನ್ ಮಾಡಿ ಆಯ್ತಾ. ನಾನು ಮಾತು ಕೊಟ್ಟಿದ್ದೆ" ಎಂದರು.

ಹೇಗಿದ್ದರೂ ಮಾಡಬೇಕಿತ್ತು. ಅವರು ಮಾತಾಡಿಸಿದ ಪ್ರತಿಯೊಬ್ಬರಿಗೂ ಮತ್ತೆ ಕರೆ ಮಾಡಿ, ನಿಜವಾಗಿ ಮಾತಾಡಿದ್ದೀರಾ, ಏನು ಉತ್ತರ ಕೊಟ್ಟಿರಿ ಎಂದು ಖಚಿತಪಡಿಸಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಅಷ್ಟರಲ್ಲಿ ಅಲ್ಲಿಯವರು ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟುಕೊಂಡಿದ್ದರು. ಇಲ್ಲಿ ಬಿಸಿಲು ನಲವತ್ತರ ಹತ್ತಿರ ಬಂದಿತ್ತು. ಸುಳ್ಳು ತುಂಬಿದ್ದ ಹೆಸರುಗಳಿಗೂ ಕರೆ ಮಾಡಿದೆ. ಎತ್ತಿದವರಲ್ಲಿ ಹಲವರು ಈ ಸಲ ಮಾತಾಡಿದರು. ನಾನು ಅವರ ಉತ್ತರಗಳನ್ನು ಸೆಲಿನ್ ಬಾಯಿ ತುಂಬಿದ್ದರ ಪಕ್ಕದಲ್ಲಿ ಇಟ್ಟು ನೋಡುತ್ತಿದ್ದೆ. ಗೊತ್ತಿಲ್ಲ. ಹೋಗುವುದಿಲ್ಲ. ಯಾರಾದರೇನು. ಅಲ್ಲೊಂದು ಇಲ್ಲೊಂದು ಬಿಟ್ಟರೆ ಎರಡೂ ಒಂದೇ. ಅವರದ್ದು ತಪ್ಪಾಗಿದ್ದರೆ ಚೆನ್ನಾಗಿತ್ತು ಎಂದು ಪ್ರತಿ ಸಲವೂ ಆಸೆಪಟ್ಟೆ. ಹಾಗಾಗಿದ್ದರೆ ನನ್ನ ಮನಸ್ಸಿಗೆ ಸ್ವಲ್ಪ ಸಮಾಧಾನ ಆಗುತ್ತಿತ್ತು.

ಡೋರೀನ್ ಮೊದಲ ರಿಂಗಿಗೇ ಎತ್ತಿದಳು.

"ಸೆಲಿನ್?" ಎಂದಳು.

"ಅಲ್ಲ, ನಾನು ಅವರ ಜೊತೆ ಕೆಲಸ ಮಾಡುವವಳು. ಸೆಲಿನ್ ರಜೆಯಲ್ಲಿದ್ದಾರೆ."

"ಒಳ್ಳೆಯದು. ಪಾಪ, ರಜೆ ಬೇಕು ಅವಳಿಗೆ. ಎಲ್ಲಿಗೆ ಹೋಗಿದ್ದಾಳೆ?"

"ಮನೆಗೆ" ಎಂದೆ.

ನಾನು ಕೇಳಬೇಕಾದದ್ದನ್ನು ಕೇಳಿದೆ. ಆಕೆ ತಾಳ್ಮೆಯಿಂದ ಉತ್ತರಿಸಿದಳು. ಲಿಫ್ಟ್ ಹಾಗೆಯೇ ಇತ್ತು. ಮತಪತ್ರ ಬಂದು ಮೇಜಿನ ಮೇಲಿತ್ತು. ಮೂರು ಅಭ್ಯರ್ಥಿಗಳ ಕಾಗದಗಳು ಬಾಗಿಲ ಸಂದಿಯಿಂದ ಬಿದ್ದಿದ್ದವಂತೆ, ಮೂರರಲ್ಲೂ ನಗುವ ಮುಖ. "ಹನ್ನೊಂದು ಮಹಡಿ ಹತ್ತಿ ಹಾಕಿದ ಆ ಹುಡುಗರ ಬಗ್ಗೆ ನನಗೆ ಕನಿಕರವಾಯಿತು" ಎಂದಳು. ಆಮೇಲೆ ದನಿ ತಗ್ಗಿಸಿ, "ಸೆಲಿನ್ ಲಿಫ್ಟ್ ವಿಷಯ ಬರೆದಳಲ್ಲ, ಅದನ್ನು ಯಾರಾದರೂ ಓದಿದರಾ?" ಎಂದು ಕೇಳಿದಳು.

ಓದಿದ್ದು ನಾನೊಬ್ಬಳೇ. ನಾವು ಬರೆದದ್ದೆಲ್ಲ ಸಂಖ್ಯೆಯಾಗಿ ಬದಲಾಗುತ್ತದೆ. 'ಇತರ' ಎಂಬ ಕಡೆ ಸೆಲಿನ್ ಬಾಯಿ ಬರೆದ ಆ ಎಂಟು ಸಾಲು ಮನೆ ಎಂಬ ವಿಭಾಗಕ್ಕೆ ಸೇರಿ ಒಂದು ಅಂಕೆಯಾಗಿ ಹೋಗಿತ್ತು.

"ಓದಿದ್ದಾರೆ" ಎಂದೆ.

"ಹಾಗಾದರೆ ವೋಟು ಹಾಕಬೇಕು ಅನ್ನುತ್ತೀಯಾ?"

ಆ ಪ್ರಶ್ನೆಗೆ ನಾವು ಉತ್ತರ ಹೇಳಬಾರದು. ನಿಯಮ ಇಲ್ಲದಿದ್ದರೂ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. "ಅದು ನಿಮ್ಮ ಇಷ್ಟ" ಎಂದೆ. ಆಕೆ, "ಹೌದು, ಎಲ್ಲರೂ ಹಾಗೇ ಹೇಳುತ್ತಾರೆ" ಎಂದು ಫೋನ್ ಇಟ್ಟಳು.

ಕೊನೆಯ ವರದಿ ಮಾಡುವಾಗ ನಾದಿರ್ ಸಾರ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ದೊಡ್ಡ ಪಟ್ಟಿಯನ್ನು ತೆರೆದು ಒಂದು ಗುಂಡಿ ಒತ್ತಿದರು. ಸಾಲುಗಳು ಸರಸರ ಮಾಯವಾದವು, ಪಟ್ಟಿ ಕುಗ್ಗಿತು.

"ಇದೆಂತ ಸಾರ್ ತೆಗೆದದ್ದು?"

"ಮತ ಹಾಕುವುದಿಲ್ಲ ಅಂದವರು, ಗೊತ್ತಿಲ್ಲ ಅಂದವರು. ಯಾರು ಗೆಲ್ಲುತ್ತಾರೆ ಅಂತ ಹೇಳಲು ಅವರು ಲೆಕ್ಕಕ್ಕೆ ಬರುವುದಿಲ್ಲ. ಮತ ಹಾಕುವವರನ್ನು ಮಾತ್ರ ಎಣಿಸುವುದು. ಎಲ್ಲ ಕಡೆಯೂ ಹಾಗೆಯೇ."

"ಹಾಗಾದ್ರೆ ಸೆಲಿನ್ ತುಂಬಿದ್ದು..."

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಅವಳ ಸುಳ್ಳುಗಳಾ? ಇದ್ದಿದ್ದರೂ ಈಗ ಹೋಗುತ್ತಿದ್ದವು" ಎಂದರು. ಆಮೇಲೆ, ನನಗಲ್ಲ ಎಂಬಂತೆ, "ನಿಜವಾದವೂ ಹೋದವು" ಎಂದರು.

ಬಸ್ಸಿನವನು ಹೋದ, ಡ್ಯೂಟಿಯ ತಾಯಿ ಹೋದಳು, ಅತ್ತವನು ಹೋದ. ಹನ್ನೊಂದನೆಯ ಮಹಡಿಯೂ ಹೋಯಿತು. ಉಳಿದದ್ದು ಮೂರು ಬಣ್ಣದ ಮೂರು ಕಂಬಗಳು, ಒಂದು ಸ್ವಲ್ಪ ಎತ್ತರ, ಇನ್ನೊಂದು ಸ್ವಲ್ಪ ಗಿಡ್ಡ. ನೋಡಲು ಬಹಳ ಅಚ್ಚುಕಟ್ಟಾಗಿತ್ತು.

ಮೇ ತಿಂಗಳ ಆ ಗುರುವಾರ ನಮಗೆ ಕೆಲಸವಿರಲಿಲ್ಲ. ನಾನು ಮನೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಾ ಮೊಬೈಲಿನಲ್ಲಿ ಆ ನಗರದ ಸುದ್ದಿ ಹುಡುಕಿದೆ. ಅಲ್ಲಿ ಮಳೆ. ಮತಗಟ್ಟೆಯೊಂದರ ಚಿತ್ರ ಹಾಕಿದ್ದರು, ಶಾಲೆಯ ಬಾಗಿಲು, ಅದರ ಮುಂದೆ ಒಂದು ನಾಯಿ. ಎರಡು ದಿನ ಕಳೆದು ಫಲಿತಾಂಶ ಬಂತು, ನಾವು ಹೇಳಿದವನೇ ಗೆದ್ದಿದ್ದ. ಅರ್ಧಕ್ಕಿಂತ ಹೆಚ್ಚು ಜನ ಮತಗಟ್ಟೆಯ ಕಡೆ ಸುಳಿದಿರಲೇ ಇಲ್ಲ. ಅದು ಸುದ್ದಿಯ ಕೊನೆಯ ಸಾಲಿನಲ್ಲಿತ್ತು.

ಆ ಸಂಜೆ ಕೆಲಸದಿಂದ ಬಂದ ದಿನೇಶ್ ಬೂಟು ಬಿಚ್ಚುತ್ತಾ, "ನಿನ್ನ ಮೇಯರ್ ಯಾರಾದ?" ಎಂದ. ಹೆಸರು ಹೇಳಿದೆ. "ಒಳ್ಳೆಯವನಾ?" ಎಂದ. ಮೂರು ತಿಂಗಳು ಆ ಊರಿನ ಮಾತು ಕೇಳಿದವಳು, ಅವನ ಬೂಟುಗಳನ್ನು ಬಾಗಿಲ ಹೊರಗೆ ಇಟ್ಟು ಬಂದೆ.

ಸೆಪ್ಟೆಂಬರಿನಲ್ಲಿ, ಅವರ ತೆನೆಹಬ್ಬವಾದ ಮೊಂತಿ ಹಬ್ಬದ ಮರುದಿನ, ಧೈರ್ಯ ಮಾಡಿ ಸೆಲಿನ್ ಬಾಯಿಗೆ ಫೋನ್ ಮಾಡಿದೆ. ತಮ್ಮನ ಮನೆಯಲ್ಲೇ ಇದ್ದರು. ಹಿಂದೆ ಪಾತ್ರೆಯ ಶಬ್ದ, ಯಾರೋ ಕೊಂಕಣಿಯಲ್ಲಿ ಗಟ್ಟಿಯಾಗಿ ಕರೆಯುವುದು ಕೇಳುತ್ತಿತ್ತು. ಹಬ್ಬ ಆಯಿತಾ ಎಂದೆ. ಆಯಿತು, ಹೊಸ ಅಕ್ಕಿಯ ಊಟ ಆಯಿತು ಎಂದರು. ಆರೋಗ್ಯ ಕೇಳಿದೆ. ಊರಲ್ಲಿ ವೋಟು ಹಾಕಿದಿರಾ ಎಂದೂ ಕೇಳಿದೆ.

"ಬಂದ ವಾರವೇ ಇತ್ತು. ತಮ್ಮನ ಜೊತೆ ಹೋದೆ. ಪಟ್ಟಿಯಲ್ಲಿ ಹೆಸರಿಲ್ಲ ಅಂದ್ರು. ಎಲ್ಲಿತ್ತು ಇಷ್ಟು ವರ್ಷ ಅಂದ್ರು. ವಾಪಸ್ ಬಂದೆ."

ಡೋರೀನ್‌ಗೆ ಫೋನ್ ಮಾಡಿದ್ದನ್ನು ಹೇಳಿದೆ. ಆಕೆ ಅವರ ಹೆಸರು ಹಿಡಿದು ಕರೆದದ್ದನ್ನೂ ಹೇಳಿದೆ. ಅವರು ಪಾತ್ರೆಯ ಶಬ್ದದಿಂದ ದೂರ ಬಂದದ್ದು ಕೇಳಿತು.

"ಸುಮನಾ" ಎಂದರು ಮೆಲ್ಲಗೆ, ಅವರು ಅಲ್ಲಿಯವರ ಜೊತೆ ಮಾತಾಡುತ್ತಿದ್ದ ಅದೇ ದನಿಯಲ್ಲಿ. "ಬೇಜಾರು ಮಾಡ್ಬೇಡಿ. ನಿಮ್ಮ ಮೇಲೆ ನನಗೆ ಸಿಟ್ಟು ಇಲ್ಲ. ಆದರೆ ಇನ್ನು ಫೋನ್ ಮಾಡ್ಬೇಡಿ ಆಯ್ತಾ. ಇಲ್ಲಿ ನಾನು ಇರುದನ್ನು ಕಲೀಬೇಕು. ನಿಮ್ಮ ಸ್ವರ ಕೇಳಿದ್ರೆ ಆಗುದಿಲ್ಲ."

"ಆಯ್ತು ಬಾಯಿ" ಎಂದೆ.

ಮುಂದಿನ ಭಾನುವಾರ ಆಫೀಸಿಗೆ ಹೊಸಬರು ಬಂದಿದ್ದರು, ಎಂಟು ಮಂದಿ. ಇನ್ನೊಂದು ನಗರ, ಇನ್ನೊಬ್ಬ ಮೇಯರ್. ಗೋಡೆಯ ಟಿವಿಯಲ್ಲಿ ಬೇರೆ ಊರಿನ ಹವಾಮಾನ ಬಂದಿತ್ತು. ನಾದಿರ್ ಸಾರ್ ಅವರಿಗೆಲ್ಲ ನನ್ನನ್ನು ಪರಿಚಯಿಸಿದರು. "ಇವರು ಸುಮನಾ. ಹುಷಾರಾಗಿರಿ, ಇವರ ಕಿವಿಗೆ ಏನೂ ತಪ್ಪುವುದಿಲ್ಲ" ಎಂದರು. ಎಂಟು ಮಂದಿಯೂ ಸ್ವಲ್ಪ ಹೆದರಿಕೆಯಿಂದ ನನ್ನನ್ನು ನೋಡಿದರು. ನಾನು ಎದ್ದು ಹೋಗಿ ಪ್ರಶ್ನೆಪತ್ರಿಕೆ ಹಂಚಿದೆ.